ಹಳೆಯ ಬೀಡುಗಳು

ಡಿಸೆಂಬರ್ ತಿಂಗಳು ಬಂತೆಂದರೆ ನಮ್ಮ ಕಡೆಯ ಶಾಲೆಗಳಿಗೆ ಪ್ರವಾಸದ ಜ್ವರ ಹತ್ತುತ್ತದೆ. ಮಕ್ಕಳಿಗೆ ಮೈಸೂರಿನ ಮೃಗಾಲಯದ ಆಸೆ, ಬೃಂದಾವನದ ದೀಪಗಳ ಆಸೆ. ಹೆತ್ತವರಿಗೆ ಬಸ್ಸಿನ ಬಾಡಿಗೆಯ ಚಿಂತೆ. ಹೆಡ್‌ಮಾಸ್ತರರಿಗೆ ರಾತ್ರಿ ತಂಗುವ ರಗಳೆಯೇ ಬೇಡ. ಹೀಗೆ ಎಲ್ಲರೂ ಹಗ್ಗ ಜಗ್ಗಾಡಿ ಕೊನೆಗೆ ಬಂದು ನಿಲ್ಲುವುದು ಬೇಲೂರು, ಹಳೇಬೀಡಿಗೆ. ಬೆಳಗಿನ ಜಾವ ಚಿತ್ರಾನ್ನ ಕಟ್ಟಿಕೊಂಡು ಹೊರಟರೆ ರಾತ್ರಿ ಊಟಕ್ಕೆ ಮನೆ. ಉಪಾಧ್ಯಾಯಿನಿಯಾಗಿ ನಾನು ಅಲ್ಲಿಗೆ ಎಷ್ಟು ಸಲ ಹೋಗಿದ್ದೇನೆಂದು ಲೆಕ್ಕ ಇಟ್ಟಿಲ್ಲ. ಹೊಯ್ಸಳೇಶ್ವರ ಗುಡಿಯ ಜಗತಿಯ ಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಣಿಸುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆಯಿತೇನೋ!

ಹಳೇಬೀಡು ಎಂಬ ಹೆಸರನ್ನು ಕುರಿತು ಯೋಚಿಸಿದ್ದೀರಾ? ಬೀಡು ಎಂದರೆ ಬೀಡುಬಿಟ್ಟ ಜಾಗ, ನೆಲೆ, ರಾಜಧಾನಿ. ಆ ಊರು ತುಂಬಿ ತುಳುಕುತ್ತಿದ್ದ ಕಾಲದಲ್ಲಿ ಅದರ ಹೆಸರು ದೋರಸಮುದ್ರ. ಜನ ಬಿಟ್ಟುಹೋದ ಮೇಲೆ ಉಳಿದದ್ದು ಹಳೆಯ ಬೀಡು. ಊರಿನ ದುಃಖವೇ ಊರಿಗೆ ಹೆಸರಾಗಿ ನಿಂತಿದೆ. ನಾವು ಅದನ್ನು ಗಮನಿಸದೆ ಬಸ್ಸಿನ ಬೋರ್ಡಿನಲ್ಲಿ ಓದಿ ಹತ್ತುತ್ತೇವೆ.

ದೋರಸಮುದ್ರವನ್ನು ನೋಡಲು ಹೋಗುವವರು ಮೊದಲು ನೋಡಬೇಕಾದ್ದು ಗುಡಿಯನ್ನಲ್ಲ, ಅದರ ಪಕ್ಕದ ಕೆರೆಯನ್ನು. ಊರಿಗೆ ಹೆಸರು ಕೊಟ್ಟ ‘ಸಮುದ್ರ’ ಅದೇ. ಬೇಲೂರಿನ ಕಡೆ ಹರಿಯುವ ಯಗಚಿ ಹೊಳೆಯಿಂದ ಕಾಲುವೆ ತೋಡಿ ಹೊಯ್ಸಳರು ಈ ಕಡೆಗೆ ನೀರು ತಂದರು. ನೀರಿದ್ದುದರಿಂದ ಗದ್ದೆ, ಗದ್ದೆಯಿದ್ದುದರಿಂದ ಜನ, ಜನವಿದ್ದುದರಿಂದ ಗುಡಿ. ಆಮೇಲೆ ಹೊಯ್ಸಳೇಶ್ವರ. ವಿಷ್ಣುವರ್ಧನನ ಕಾಲದಲ್ಲಿ, 1121ರ ಸುಮಾರಿಗೆ, ಅಧಿಕಾರಿ ಕೇತಮಲ್ಲ ಕಟ್ಟಿಸತೊಡಗಿದ ಜೋಡಿ ಗುಡಿ ಅದು. ಒಂದು ಹೊಯ್ಸಳೇಶ್ವರ, ಇನ್ನೊಂದು ಶಾಂತಲೇಶ್ವರ. ಬಳಪದ ಕಲ್ಲಿನ ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಪುರಾಣದ ಕಥೆ, ಮಕರ, ಹಂಸ. ಗುಡಿಯ ಸಮೀಪದಲ್ಲೇ ಒಂದು ಕಂಬವಿದೆ. ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ ಕೊಟ್ಟ ಮಾತಿನಂತೆ ಅವನ ಹಿಂದೆಯೇ ಪ್ರಾಣ ಬಿಟ್ಟ ಕುವರ ಲಕ್ಷ್ಮ, ಅವನ ಹೆಂಡತಿ ಮತ್ತು ಸಂಗಡಿಗರ ನೆನಪಿನ ಕಂಬ. ಅದರ ಮುಂದೆ ನಿಂತರೆ ಎಂಥ ಗಲಾಟೆಯ ಹುಡುಗನೂ ಒಂದು ಗಳಿಗೆ ಸುಮ್ಮನಾಗುತ್ತಾನೆ.

ಅಲ್ಲಿಂದ ಅರ್ಧ ಮೈಲಿ ನಡೆದರೆ ಬಸದಿಗಳು. ಗಂಗರಾಜನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಕಂಬಗಳಲ್ಲಿ ಮುಖ ನೋಡಿಕೊಳ್ಳಬಹುದು. ಹುಡುಗಿಯರು ಜಡೆ ಸರಿಮಾಡಿಕೊಳ್ಳುವುದನ್ನೂ ಕಂಡಿದ್ದೇನೆ. ಮುಂದೆ, ವೀರಬಲ್ಲಾಳ ಮತ್ತು ರಾಣಿ ಕೇತಲದೇವಿ 1219ರಲ್ಲಿ ಕಟ್ಟಿಸಿದ ಕೇದಾರೇಶ್ವರ. ಶಿಖರದ ಮೇಲೆ ಬೆಳೆದ ಮರದ ಬೇರು ಅದನ್ನು ಸೀಳಿಹಾಕಿತು. ಬಿದ್ದ ಕಲ್ಲುಗಳನ್ನು ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ, ಶಿಖರ ಮಾತ್ರ ಇಲ್ಲ. ಊರಾಚೆಯ ಹುಲಿಕೆರೆಯ ಮೆಟ್ಟಿಲುಬಾವಿಗೆ ಬಹಳ ಜನ ಹೋಗುವುದಿಲ್ಲ. ಸುತ್ತಲೂ ಪುಟ್ಟ ಪುಟ್ಟ ಗುಡಿಗಳನ್ನಿಟ್ಟು ಕಟ್ಟಿದ ಆ ಕೊಳ ನೋಡಿದರೆ, ಹೊಯ್ಸಳರು ನೀರಿಗೂ ದೇವರಿಗೂ ಭೇದ ಮಾಡಿದವರಲ್ಲ ಎನಿಸುತ್ತದೆ.

ಇಷ್ಟನ್ನೂ ನಾನು ಮಕ್ಕಳಿಗೆ ಹೇಳುತ್ತಿದ್ದೆ. 1311ರಲ್ಲಿ ಮಲಿಕ್ ಕಾಫರ್ ದಂಡೆತ್ತಿ ಬಂದದ್ದು, ಮುಂದೆ ತುಘಲಕನ ಸೈನ್ಯ ಮತ್ತೆ ಹಾಳುಗೆಡವಿದ್ದು, ಮೂರನೆಯ ಬಲ್ಲಾಳ ರಾಜಧಾನಿ ಬಿಟ್ಟು ತಿರುವಣ್ಣಾಮಲೆಯ ಕಡೆ ಹೋಗಬೇಕಾಗಿ ಬಂದದ್ದು. ಆಮೇಲೆ ‘ಜನರೂ ಊರು ಬಿಟ್ಟು ಹೋದರು’ ಎಂದು ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದೆ. ಪಾಠದಲ್ಲಿ ಅದು ಕೊನೆಯ ವಾಕ್ಯ. ಗಂಟೆ ಹೊಡೆಯುವ ಹೊತ್ತು.

ಪ್ರವಾಸದಿಂದ ಬಂದ ಮೇಲೆ ‘ನಾನು ಕಂಡ ಐತಿಹಾಸಿಕ ಸ್ಥಳ’ ಎಂದು ಪ್ರಬಂಧ ಬರೆಸುವುದು ವಾಡಿಕೆ. ಸುಮಾರು ಹದಿನೈದು ವರ್ಷಗಳ ಹಿಂದೆ ಎಂಟನೇ ತರಗತಿಯ ಒಬ್ಬ ಹುಡುಗ ದುಡ್ಡು ಹೊಂದಿಸಲಾಗದೆ ಪ್ರವಾಸಕ್ಕೆ ಬಂದಿರಲಿಲ್ಲ. ಪ್ರಬಂಧವನ್ನು ಮಾತ್ರ ಬರೆದಿದ್ದ. ಬರೆದದ್ದು ಶೆಟ್ಟಿಹಳ್ಳಿಯ ಚರ್ಚಿನ ಬಗ್ಗೆ. ‘ನಮ್ಮಜ್ಜಿ ಮದುವೆ ಇದರ ಒಳಗೆ ಆಯಿತು. ಈಗ ಮಳೆಗಾಲದಲ್ಲಿ ಇದರ ಒಳಗೆ ಮೀನು ಇರುತ್ತವೆ’ ಎಂದು ಶುರುವಾಗಿತ್ತು. ನಾನು ಕೆಂಪು ಶಾಯಿಯಲ್ಲಿ ‘ವಿಷಯ ತಪ್ಪು. ಪ್ರವಾಸದ ಸ್ಥಳದ ಬಗ್ಗೆ ಬರೆಯಬೇಕು’ ಎಂದು ಬರೆದು ಹತ್ತಕ್ಕೆ ಎರಡು ಅಂಕ ಕೊಟ್ಟೆ.

ಹುಡುಗ ಪುಸ್ತಕ ಹಿಡಿದು ಮೇಜಿನ ಹತ್ತಿರ ಬಂದ. “ಮಿಸ್, ಇದು ಐತಿಹಾಸಿಕ ಅಲ್ವಾ?” ಎಂದ. ನಾನು ಏನೋ ಹೇಳಿದೆ. “ಎಷ್ಟು ವರ್ಷ ಆದ್ರೆ ಐತಿಹಾಸಿಕ ಆಗುತ್ತೆ ಮಿಸ್?” ಎಂದು ಕೇಳಿದ. ಅವನ ಮಾತಿನಲ್ಲಿ ಉದ್ಧಟತನವಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದ. “ಹೋಗಿ ಕೂತ್ಕೊ” ಎಂದೆ. ಬಿ.ಎ.ಯಲ್ಲಿ ಇತಿಹಾಸ ಓದಿದವಳು ನಾನು. ನನ್ನ ಬಳಿ ಉತ್ತರವಿರಲಿಲ್ಲ.

ಆ ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಬೇಸಿಗೆ ರಜೆಯಲ್ಲಿ ಅವರ ಮನೆಗೆ ಹೋಗಿ, ಅವನ ಅಜ್ಜಿಯನ್ನೂ ಅವನನ್ನೂ ಕರೆದುಕೊಂಡು ಶೆಟ್ಟಿಹಳ್ಳಿಗೆ ಹೋದೆ. ಹಾಸನದಿಂದ ಸುಮಾರು 20 ಕಿಲೋಮೀಟರ್. ಅಷ್ಟು ಹತ್ತಿರವಿದ್ದರೂ ನಾನು ಅದನ್ನು ನೋಡಿದ್ದು ಅದೇ ಮೊದಲು ಎಂದು ಹೇಳಲು ನಾಚಿಕೆಯಾಗುತ್ತದೆ.

ಒಣಗಿ ಬಿರುಕುಬಿಟ್ಟ ಕೆಸರಿನ ಬಯಲಿನ ನಡುವೆ ಆ ಕಟ್ಟಡ ಒಂಟಿಯಾಗಿ ನಿಂತಿತ್ತು. ಚಾವಣಿ ಇಲ್ಲ. ಮೇಲೆ ಚೂಪಾಗಿ ಕೂಡುವ ಎತ್ತರದ ಕಮಾನುಗಳು, ಅವುಗಳ ನಡುವೆ ಆಕಾಶ. ಗಾರೆ ಕಳಚಿದ ಕಡೆ ಇಟ್ಟಿಗೆ ಕಾಣುತ್ತದೆ. ಗಾರೆಗೆ ಬೆಲ್ಲ, ಮೊಟ್ಟೆ ಹಾಕಿ ಅರೆದಿದ್ದರೆಂದು ಸುತ್ತಲಿನ ಜನ ಹೇಳುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಜಪಮಾಲೆ ಮಾತೆಯ ಚರ್ಚು ಇದು. 1860ರ ದಶಕದ್ದು ಎಂಬುದು ಸಾಮಾನ್ಯವಾಗಿ ಹೇಳುವ ಕಾಲ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದರು. 1979ರಲ್ಲಿ ಅದು ಮುಗಿಯಿತು. ಸುಮಾರು 37 ಟಿಎಂಸಿ ನೀರು ಹಿಡಿಯುವ ಜಲಾಶಯ. ಹಿನ್ನೀರು ಹತ್ತಿ ಬಂದು ಹಳ್ಳಿಗಳು ಮುಳುಗಿದವು. ಶೆಟ್ಟಿಹಳ್ಳಿಯ ಜನ ಬೇರೆ ಕಡೆ ಮನೆ ಮಾಡಿಕೊಂಡರು. ಚರ್ಚನ್ನು ಹೊತ್ತುಕೊಂಡು ಹೋಗುವಂತಿರಲಿಲ್ಲ. ಅಂದಿನಿಂದ ಮಳೆಗಾಲದಲ್ಲಿ ಅದು ನೀರಿನಲ್ಲಿ ನಿಲ್ಲುತ್ತದೆ, ಬೇಸಿಗೆಯಲ್ಲಿ ಹೊರಗೆ ಬರುತ್ತದೆ.

ಅಜ್ಜಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಕಮಾನಿನ ಕೆಳಗೆ ಒಂದು ಕಡೆ ನಿಂತು, “ಇಲ್ಲೇ ನಿಂತ್ಕಂಡಿದ್ದೆ ಕಣಮ್ಮ, ಹೊಸ ಸೀರೆ ಉಟ್ಕಂಡು” ಎಂದರು. ಆಮೇಲೆ ಹೊರಗೆ ಬಂದು ಬಯಲಿನ ಕಡೆ ಕೈ ತೋರಿಸತೊಡಗಿದರು. ಅಲ್ಲಿ ಸೇದುವ ಬಾವಿ, ಅಲ್ಲಿ ಕಣ, ಅಲ್ಲಿ ನಮ್ಮ ಮಾವನೋರ ಮನೆ, ಅದರ ಹಿಂದೆ ಹುಣಸೆಮರ. ನನ್ನ ಕಣ್ಣಿಗೆ ಅಲ್ಲಿ ಕೆಸರೂ ದೂರದಲ್ಲಿ ಹೊಳೆಯುವ ನೀರೂ ಬಿಟ್ಟರೆ ಏನೂ ಇರಲಿಲ್ಲ. “ನೀರು ಬರ್ತದೆ ಅಂತ ಸಾರಿದ್ರು. ಇಷ್ಟೆತ್ತರಕ್ಕೆ ಎಲ್ಲಿಂದ ಬಂದಾತು ಅಂತ ನಾವು ನಂಬ್ಲಿಲ್ಲ” ಎಂದು ನಕ್ಕರು. ಆ ನಗು ನನಗೆ ಇಂದಿಗೂ ಮರೆತಿಲ್ಲ.

ಹಳೇಬೀಡಿನಲ್ಲಿ ನಾನು ಅಷ್ಟು ಸಲ ಕೈ ತೋರಿಸಿದ್ದೆ. ಅದು ಆನೆ, ಇದು ಮಕರ, ಅದು ಗೋವರ್ಧನ ಎತ್ತಿದ ಕೃಷ್ಣ. ಇರುವುದನ್ನು ತೋರಿಸಿದ್ದೆ. ಇಲ್ಲದ್ದನ್ನು ಒಂದು ಸಲವೂ ತೋರಿಸಿರಲಿಲ್ಲ. ಆ ಕಲ್ಲು ಹೊತ್ತವರ ಮನೆ ಎಲ್ಲಿತ್ತು? ಕೆರೆಯ ಕೆಳಗಿನ ಗದ್ದೆ ಯಾರದ್ದು? ದಂಡು ಬಂದಾಗ ಎಷ್ಟು ಜನ ಯಾವ ದಾರಿಯಲ್ಲಿ, ಏನೇನು ಹೊತ್ತುಕೊಂಡು ಹೊರಟರು? ಹೇಳುವ ಅಜ್ಜಿ ಅಲ್ಲಿ ಯಾರೂ ಉಳಿದಿಲ್ಲ. ಶೆಟ್ಟಿಹಳ್ಳಿಗೆ ಆಗ ಉಳಿದಿದ್ದರು. ನಾನು ಅವರ ಮೊಮ್ಮಗನ ಪುಸ್ತಕದ ಮೇಲೆ ‘ವಿಷಯ ತಪ್ಪು’ ಎಂದು ಬರೆದಿದ್ದೆ.

ಇನ್ನೊಂದು ಸಂಗತಿಯೂ ನನಗೆ ಆಮೇಲೆಯೇ ಹೊಳೆಯಿತು. ಬೇಲೂರಿನ ಮಗ್ಗುಲಲ್ಲಿ ಹರಿಯುವ ಯಗಚಿ ಕೊನೆಗೆ ಸೇರುವುದು ಹೇಮಾವತಿಯನ್ನು, ಅದೂ ಗೊರೂರಿನ ಬಳಿ. ದೋರಸಮುದ್ರಕ್ಕೆ ಜೀವ ಕೊಟ್ಟ ಹೊಳೆಯೂ ಹೇಮಾವತಿಯೂ ಕೂಡಿ ಆ ಅಣೆಯಲ್ಲಿ ನಿಂತಿವೆ. ಆ ನೀರಿನಿಂದ ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳಲ್ಲಿ ಗದ್ದೆಗಳು ಹಸಿರಾಗಿವೆ. ಅದನ್ನು ಬೇಡವೆನ್ನಲು ನಾನು ಯಾರು? ನಾವು ಉಣ್ಣುವ ಅನ್ನದಲ್ಲೂ ಆ ನೀರಿದೆ. ಆದರೆ ಕಾಲುವೆಯ ಪಾಠ ಮಾಡುವಾಗ ಮುಳುಗಿದ ಊರಿನ ಹೆಸರನ್ನೂ ಒಂದು ಸಲ ಹೇಳುವುದು ನ್ಯಾಯ.

ಬೇರೆ ದೇಶಗಳಲ್ಲೂ ಹೀಗೆ ಆಗಿದೆ. ಸ್ಪೇನಿನ ಬಾರ್ಸಿಲೋನಾದ ಉತ್ತರಕ್ಕೆ ವಿಕ್ ಎಂಬ ಹಳೆಯ ನಗರವಿದೆ. ರೋಮನ್ನರ ಕಾಲದ ಗುಡಿ, ಹನ್ನೊಂದನೆಯ ಶತಮಾನದ ಗಂಟೆಗೋಪುರ ಎಲ್ಲ ಅಲ್ಲಿವೆ. ಅದರ ಹತ್ತಿರ ಸಾವು ಎಂಬ ಜಲಾಶಯದಲ್ಲಿ 1960ರ ದಶಕದಲ್ಲಿ ಸಂತ ರೊಮಾ ಎಂಬ ಹಳ್ಳಿ ಮುಳುಗಿತು. ಹೆಸರು ಕೇಳಿ ನನಗೆ ಮೈ ಜುಮ್ಮೆಂದಿತು. ಅವರ ಭಾಷೆಯಲ್ಲಿ ಅದು ಕೇವಲ ಊರಿನ ಹೆಸರು. ಆ ಹಳ್ಳಿಯ ಚರ್ಚೂ ಹನ್ನೊಂದನೆಯ ಶತಮಾನದ್ದೇ. ನೀರು ಇಳಿದಾಗ ಅದರ ಗೋಪುರ ಮೇಲೆ ಕಾಣುತ್ತದೆ. 2023ರ ಬರಗಾಲದಲ್ಲಿ ಇಡೀ ಚರ್ಚೇ ಹೊರಗೆ ಬಂದು ಜನ ತಂಡೋಪತಂಡವಾಗಿ ನೋಡಲು ಹೋದರು. ಪತ್ರಿಕೆಯಲ್ಲಿ ಆ ಚಿತ್ರ ನೋಡಿದಾಗ, ಅಲ್ಲಿಯೂ ಯಾರೋ ಒಬ್ಬ ಅಜ್ಜಿ ಕೆಸರಿನ ಕಡೆ ಕೈ ತೋರಿಸಿ ಬಾವಿ ಇದ್ದ ಜಾಗ ಹೇಳುತ್ತಿರಬಹುದು ಎಂದುಕೊಂಡೆ.

ಅದೇ 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಮಗೆಲ್ಲ ಹೆಮ್ಮೆ. ಶಾಲೆಯಲ್ಲಿ ಸಿಹಿ ಹಂಚಿದೆವು. ಶೆಟ್ಟಿಹಳ್ಳಿಗೂ ಜನ ಬರುತ್ತಾರೆ, ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳುವ ಜೋಡಿಗಳೇ ಹೆಚ್ಚು. ಅದೇ ಕಮಾನಿನ ಕೆಳಗೆ ಒಬ್ಬಾಕೆ ನಿಜವಾಗಿ ಮದುವೆಯಾಗಿದ್ದಳೆಂದು ಅವರಿಗೆ ಯಾರು ಹೇಳಬೇಕು? ವರ್ಷ ವರ್ಷ ನೆನೆದು ಒಣಗಿ ಗೋಡೆ ಸವೆಯುತ್ತಿದೆ. ನೋಡಬೇಕೆಂದವರು ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಹೋಗಿ. ಗೋಡೆ ಹತ್ತಬೇಡಿ, ಹೆಸರು ಕೆತ್ತಬೇಡಿ. ಸುತ್ತಲಿನ ಹಳ್ಳಿಯಲ್ಲಿ ವಯಸ್ಸಾದವರು ಸಿಕ್ಕರೆ ಮಾತಾಡಿಸಿ.

ಈಗಲೂ ನಾನು ಮಕ್ಕಳನ್ನು ಹಳೇಬೀಡಿಗೆ ಕರೆದುಕೊಂಡು ಹೋಗುತ್ತೇನೆ. ಮೊದಲು ಕೆರೆಯ ಏರಿಯ ಮೇಲೆ ನಿಲ್ಲಿಸಿ, ಇಲ್ಲಿ ಮನೆಗಳು ಎಲ್ಲಿದ್ದಿರಬಹುದು ಹೇಳಿ ಎನ್ನುತ್ತೇನೆ. ಗದ್ದಲವೋ ಗದ್ದಲ, ಒಬ್ಬೊಬ್ಬರದು ಒಂದೊಂದು ಕಡೆ ಬೆರಳು. ಪ್ರಬಂಧದ ವಿಷಯವನ್ನೂ ಬದಲಾಯಿಸಿದ್ದೇನೆ. ಹೋದ ಊರಿನ ಬಗ್ಗೆಯೇ ಬರೆಯಬೇಕೆಂದಿಲ್ಲ, ಅಜ್ಜ ಅಜ್ಜಿ ಬಿಟ್ಟುಬಂದ ಊರಿನ ಬಗ್ಗೆಯೂ ಬರೆಯಬಹುದು.

ಆ ಹುಡುಗನ ಪುಸ್ತಕದಲ್ಲಿ ಎರಡನ್ನು ಹೊಡೆದುಹಾಕಿ ಒಂಬತ್ತು ಮಾಡಿಕೊಟ್ಟೆ. “ಒಂದು ಯಾಕೆ ಕಡಿಮೆ ಮಿಸ್?” ಎಂದ. ಕಾಗುಣಿತಕ್ಕೆ ಎಂದೆ.