ಆರದ ಒಲೆಯ ಏಳುಬೀಳು

ಭೌತವಿಜ್ಞಾನದಲ್ಲಿ ನೊಬೆಲ್ ಪ್ರಶಸ್ತಿ ಪಡೆದವರೊಬ್ಬರು ಅಡುಗೆಮನೆಯ ಒಲೆ ರೂಪಿಸಲು ಕುಳಿತರೆಂದರೆ ಯಾರಾದರೂ ನಕ್ಕಾರು. ಅದೂ ಎರಡೂ ಕಣ್ಣು ಕಳೆದುಕೊಂಡ ಮೇಲೆ! ಸ್ವೀಡನ್ನಿನ ಗುಸ್ತಾಫ್ ಡಾಲೆನ್ ಮಾಡಿದ್ದು ಅದನ್ನೇ. 1922ರಲ್ಲಿ ಅವರು ರೂಪಿಸಿದ ಬೀಡು ಕಬ್ಬಿಣದ ‘ಆಗಾ’ ಒಲೆ ಇಂದಿಗೂ ಇಂಗ್ಲೆಂಡಿನ ಎಷ್ಟೋ ಹಳ್ಳಿಮನೆಗಳಲ್ಲಿ ಬೆಚ್ಚಗೆ ಕುಳಿತಿದೆ. ವಿಚಿತ್ರವೆಂದರೆ, ಉರುವಲು ಉಳಿಸಲೆಂದೇ ಹುಟ್ಟಿದ ಈ ಒಲೆಗೆ ಈಗ ‘ದುಂದುಗಾರ’ ಎಂಬ ಹೆಸರು ಬಂದಿದೆ. ಹೀಗೇಕಾಯಿತು?

ದೀಪಸ್ತಂಭದಿಂದ ಅಡುಗೆಮನೆಗೆ

1869ರಲ್ಲಿ ಸ್ಟೆನ್‌ಸ್ಟೋರ್ಪ್ ಎಂಬ ಊರಿನಲ್ಲಿ ಹುಟ್ಟಿದ ಡಾಲೆನ್ ಅವರಿಗೆ ಉಳಿತಾಯವೇ ಜೀವನದ ಕಸುಬು. ಸಮುದ್ರತೀರದ ದೀಪಸ್ತಂಭಗಳು ಆಗ ಅಸಿಟಿಲಿನ್ ಅನಿಲದಿಂದ ಉರಿಯತೊಡಗಿದ್ದವು. ಜನವಸತಿಯಿಲ್ಲದ ಬಂಡೆಗಳ ಮೇಲೆ ಅನಿಲ ಒಯ್ದು ತುಂಬುವುದು ಸುಲಭದ ಮಾತಲ್ಲ. ಡಾಲೆನ್ ದೀಪವು ಒಂದೇ ಸಮನೆ ಉರಿಯದೆ ಮಿನುಗುವಂತೆ ಮಾಡಿದರು. 1907ರಲ್ಲಿ ‘ಸೂರ್ಯ ಕವಾಟ’ ಕಂಡುಹಿಡಿದರು. ಅದರಲ್ಲಿನ ಕಪ್ಪು ಸರಳು ಹಗಲಿನ ಬೆಳಕನ್ನು ಹೀರಿ ಹಿಗ್ಗಿದಾಗ ಅನಿಲದ ದಾರಿ ತಾನಾಗಿ ಮುಚ್ಚುತ್ತಿತ್ತು. ಕತ್ತಲಾದರೆ ತಾನಾಗಿ ತೆರೆಯುತ್ತಿತ್ತು. ಕಾವಲುಗಾರನೂ ಬೇಡ, ಹಗಲು ದೀಪವೂ ಬೇಡ.

1912ರಲ್ಲಿ ಅಸಿಟಿಲಿನ್ ತುಂಬಿದ ಪಾತ್ರೆಗಳನ್ನು ಪರೀಕ್ಷಿಸುತ್ತಿದ್ದಾಗ ಸ್ಫೋಟವಾಯಿತು. ಡಾಲೆನ್ ದೃಷ್ಟಿ ಕಳೆದುಕೊಂಡರು. ಅದೇ ವರ್ಷ ಅವರಿಗೆ ನೊಬೆಲ್ ಬಂತು. ಅದನ್ನು ಸ್ವೀಕರಿಸಿದವರು ನೇತ್ರವೈದ್ಯರಾಗಿದ್ದ ಅವರ ಸಹೋದರ. ಆದರೂ 1937ರಲ್ಲಿ ಸಾಯುವವರೆಗೆ ಅವರು ‘ಆಗಾ’ ಕಂಪನಿಯನ್ನು ನಡೆಸಿದರು. ಹೊತ್ತು ಹೊತ್ತಿಗೂ ಒಲೆಯ ಮುಂದೆ ನಿಂತು ದಣಿಯುತ್ತಿದ್ದ ಹೆಂಡತಿ ಎಲ್ಮಾ ಅವರ ಪಾಡೇ ಹೊಸ ಒಲೆಗೆ ಪ್ರೇರಣೆಯಾಯಿತೆಂಬುದು ಜನಜನಿತ ಕತೆ.

ಬೂದಿ ಮುಚ್ಚಿದ ಕೆಂಡ

ರಾತ್ರಿ ಕೆಂಡದ ಮೇಲೆ ಬೂದಿ ಮುಚ್ಚಿಟ್ಟು ಬೆಳಿಗ್ಗೆ ಅದರಿಂದಲೇ ಒಲೆ ಹೊತ್ತಿಸುತ್ತಿದ್ದುದು ನಮ್ಮ ಹಿರಿಯರಿಗೆ ಗೊತ್ತಿದ್ದ ಉಪಾಯ. ಡಾಲೆನ್ ಒಲೆಯ ತತ್ವವೂ ಇದಕ್ಕೆ ಹತ್ತಿರದ್ದೇ. ಒಳಗೊಂದು ಸಣ್ಣ ಬೆಂಕಿ. ಅದು ಹಗಲಿರುಳು ಉರಿಯುತ್ತದೆ. ಅದರ ಶಾಖವನ್ನು ದಪ್ಪನೆಯ ಬೀಡು ಕಬ್ಬಿಣ ಹೀರಿಟ್ಟುಕೊಳ್ಳುತ್ತದೆ. ಶಾಖ ಸೋರದಂತೆ ಸುತ್ತಲೂ ಹಗುರವಾದ ಪುಡಿಯನ್ನು ತುಂಬಿರುತ್ತಾರೆ. ಥರ್ಮೋಸ್ಟಾಟ್ ಬೆಂಕಿಗೆ ಹೋಗುವ ಗಾಳಿಯನ್ನು ಹದದಲ್ಲಿಡುತ್ತದೆ. ಮೇಲೆ ಎರಡು ದುಂಡನೆಯ ಕಾವಲಿಗಳು, ಒಂದು ಕುದಿಸಲು, ಇನ್ನೊಂದು ಸಣ್ಣಗೆ ಬೇಯಿಸಲು. ಎರಡಕ್ಕೂ ದಪ್ಪ ಮುಚ್ಚಳ. ಕೆಳಗೆ ಬೇರೆ ಬೇರೆ ಕಾವಿನ ಓವನ್‌ಗಳು.

ಹಳೆಯ ಇಂಗ್ಲಿಷ್ ಒಲೆಗಳು ಕಲ್ಲಿದ್ದಲನ್ನು ಬಕಬಕನೆ ನುಂಗುತ್ತಿದ್ದವು. ಅವಕ್ಕೆ ಆಗಾಗ ಕಪ್ಪು ಪಾಲಿಶ್ ತಿಕ್ಕುವ ಶಿಕ್ಷೆ ಬೇರೆ. ಎನಾಮೆಲ್ ಹೊದಿಕೆಯ ಆಗಾ ಒಲೆಯನ್ನು ಒರೆಸಿದರೆ ಸಾಕಿತ್ತು. 1929ರಲ್ಲಿ ಬ್ರಿಟನ್ನಿಗೆ ಬಂದ ಒಲೆ, ಮನೆಗೆಲಸಕ್ಕೆ ಆಳು ಸಿಗದೆ ಪರದಾಡುತ್ತಿದ್ದ ಮಧ್ಯಮ ವರ್ಗದ ಮನ ಗೆದ್ದಿತು. ಸ್ಕಾಟ್ಲೆಂಡಿನಲ್ಲಿ ಮನೆಮನೆಗೆ ಹೋಗಿ ಇದನ್ನು ಮಾರಿದ ಯುವಕ ಡೇವಿಡ್ ಒಗಿಲ್ವಿ. 1935ರಲ್ಲಿ ಮಾರಾಟಗಾರರಿಗಾಗಿ ಕೈಪಿಡಿ ಬರೆದ ಆತನೇ ಮುಂದೆ ಜಾಹೀರಾತು ಲೋಕದ ದಿಗ್ಗಜನಾದ. ಒಲೆಯ ಬಿಡಿಭಾಗಗಳ ಎರಕ ಮುಂದೆ ಕೋಲ್‌ಬ್ರುಕ್‌ಡೇಲ್‌ನಲ್ಲಿ ನಡೆಯಿತು. 1709ರಲ್ಲಿ ಅಬ್ರಹಾಂ ಡಾರ್ಬಿ ಇದ್ದಿಲಿನ ಬದಲು ಕೋಕ್ ಬಳಸಿ ಕಬ್ಬಿಣ ಕರಗಿಸಿದ ಊರು ಅದು. ಅಲ್ಲಿನ ಎರಕದ ಕಾರ್ಖಾನೆ 2017ರಲ್ಲಿ ಮುಚ್ಚಿತು.

ಕೊಳ್ಳುವವರು ತಿಳಿಯಬೇಕಾದದ್ದು

ಆಗಾ ಒಲೆ ಕೊಳ್ಳುವುದೆಂದರೆ ಮನೆಗೆ ಆನೆ ತಂದಂತೆ. ಎರಡು ಓವನ್‌ಗಳ ಒಲೆಯೇ ಸುಮಾರು 400 ಕಿಲೋ ತೂಗುತ್ತದೆ. ನಾಲ್ಕು ಓವನ್‌ಗಳದ್ದು ಅರ್ಧ ಟನ್ನಿಗೂ ಹೆಚ್ಚು. ನೆಲ ಗಟ್ಟಿಯಿರಬೇಕು. ಬೆಂಕಿ ಉರಿಯುವ ಒಲೆಯಾದರೆ ಹೊಗೆ ಹೋಗಲು ಸರಿಯಾದ ದಾರಿ ಬೇಕು. ಬಿಡಿಭಾಗಗಳನ್ನು ತಂದು, ನುರಿತವರು ಮನೆಯಲ್ಲೇ ಜೋಡಿಸುತ್ತಾರೆ. ಹಳೆಯ ಒಲೆಗಳನ್ನು ಬಿಚ್ಚಿ, ಹೊಸ ಎನಾಮೆಲ್ ಕೊಟ್ಟು ಮಾರುವುದೂ ಉಂಟು. ಅಂಥದನ್ನು ಕೊಳ್ಳುವವರು ಒಳಗಿನ ಪುಡಿಯ ಬಗ್ಗೆ ಕೇಳಬೇಕು. ವರ್ಷ ಕಳೆದಂತೆ ಅದು ಕುಸಿದು ಶಾಖ ಸೋರತೊಡಗುತ್ತದೆ. ತೀರ ಹಳೆಯ ಒಲೆಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ತಾವೇ ಬಿಚ್ಚುವ ಸಾಹಸ ಸಲ್ಲದು.

ನೋಡಿಕೊಳ್ಳುವ ರೀತಿ ಕಷ್ಟದ್ದಲ್ಲ, ಆದರೆ ತಪ್ಪಿಸುವಂತಿಲ್ಲ. ಕಲ್ಲಿದ್ದಲಿನ ಒಲೆಯಾದರೆ ದಿನಕ್ಕೆರಡು ಬಾರಿ ಬೂದಿ ಅಲುಗಿಸಿ ಬೀಳಿಸಿ, ಉರುವಲು ತುಂಬಬೇಕು. ಚಿಮಣಿಯ ಮಸಿ ತೆಗೆಸಬೇಕು. ಕಾವಲಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿದರೆ ಸಾಕು. ಓವನ್ನಿನೊಳಗೆ ಚೆಲ್ಲಿದ್ದು ಅಲ್ಲಿನ ಕಾವಿಗೇ ಕರಕಲಾಗುತ್ತದೆ. ಬ್ರಷ್ಷಿನಿಂದ ಗುಡಿಸಿ ತೆಗೆಯಬಹುದು. ಹಾಲು, ನಿಂಬೆರಸ ಎನಾಮೆಲ್ ಮೇಲೆ ಬಿದ್ದರೆ ಕೂಡಲೇ ಒರೆಸಬೇಕು. ಮುಚ್ಚಳದ ಮೇಲೆ ಪಾತ್ರೆ ಎಳೆಯಬಾರದು. ಎಲ್ಲಕ್ಕಿಂತ ಮುಖ್ಯ, ಬೇಡದಾಗ ಮುಚ್ಚಳ ಮುಚ್ಚಿರಬೇಕು. ತೆರೆದಿಟ್ಟರೆ ಗಂಟೆಗಟ್ಟಲೆ ಕೂಡಿಟ್ಟ ಶಾಖ ನೋಡನೋಡುತ್ತ ಖಾಲಿಯಾಗುತ್ತದೆ. ಹಾಗಾಗಿಯೇ ಬಲ್ಲವರು ಹೆಚ್ಚಿನ ಅಡುಗೆಯನ್ನು ಓವನ್ನಿನಲ್ಲೇ ಮುಗಿಸುತ್ತಾರೆ.

ಗುಣವೇ ದೋಷವಾದಾಗ

ಒಮ್ಮೆ ಆರಿಸಿದರೆ ಈ ಒಲೆ ಮತ್ತೆ ಕಾವೇರಲು ಹಲವು ಗಂಟೆ ಬೇಕು. ಆದ್ದರಿಂದ ಆರಿಸದಿರುವುದೇ ವಾಡಿಕೆ. ಆಗಿನ ಮನೆಗಳಲ್ಲಿ ಇದು ಲಾಭದ ಮಾತಾಗಿತ್ತು. ಚಳಿಯ ನಾಡಿನಲ್ಲಿ ಒಂದೇ ಬೆಂಕಿ ಅಡುಗೆಗೂ ಆಯಿತು, ಕೋಣೆ ಬೆಚ್ಚಗಾಗುವುದಕ್ಕೂ ಆಯಿತು, ಒದ್ದೆ ಬಟ್ಟೆ ಒಣಗುವುದಕ್ಕೂ ಆಯಿತು. 1960ರ ದಶಕದಲ್ಲಿ ಎಣ್ಣೆ ಮತ್ತು ಅನಿಲದ ಒಲೆಗಳು ಬಂದು ಬೂದಿಯ ಕಾಟವೂ ತಪ್ಪಿತು.

ಮುಂದೆ ಮನೆಗಳಿಗೆ ಬೇರೆಯೇ ಕಾಯಿಸುವ ವ್ಯವಸ್ಥೆ ಬಂತು. ಬೇಕೆಂದಾಗ ಹೊತ್ತಿ ಬೇಡವೆಂದಾಗ ಆರುವ ಒಲೆಗಳೂ ಬಂದವು. ಅವುಗಳ ಪಕ್ಕದಲ್ಲಿ, ಯಾರೂ ಅಡುಗೆ ಮಾಡದ ಹೊತ್ತಿನಲ್ಲೂ ಉರಿಯುವ ಬೆಂಕಿ ದುಬಾರಿಯಾಗಿ ಕಂಡಿತು. ಬೇಸಿಗೆಯಲ್ಲಂತೂ ಸೆಕೆಯ ಹಿಂಸೆ. 2022ರ ಉಕ್ರೇನ್ ಯುದ್ಧದ ನಂತರ ಇಂಧನ ಬೆಲೆ ಗಗನಕ್ಕೇರಿದಾಗ ಬ್ರಿಟನ್ನಿನಲ್ಲಿ ಹಲವರು ತಮ್ಮ ಆಗಾ ಒಲೆ ಆರಿಸಿದರು. ಕೆಲವರು ಬೇಕಾದಷ್ಟು ಭಾಗವನ್ನು ಮಾತ್ರ ಕಾಯಿಸಬಹುದಾದ ವಿದ್ಯುತ್ ಒಲೆಗಳತ್ತ ತಿರುಗಿದರು.

ಡಾಲೆನ್ ಅವರ ಲೆಕ್ಕಾಚಾರ ತಪ್ಪಾಗಿರಲಿಲ್ಲ. ಅದು ಒಂದು ಕಾಲದ, ಒಂದು ಬಗೆಯ ಮನೆಯ ಲೆಕ್ಕವಾಗಿತ್ತು. ಇಂದು ಈ ಒಲೆ ಕೊಳ್ಳಹೊರಟವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬಣ್ಣದ್ದಲ್ಲ, ಬೆಲೆಯದೂ ಅಲ್ಲ. ಇಡೀ ದಿನ ಉರಿಯುವ ಬೆಂಕಿಯ ಶಾಖವನ್ನು ಬಳಸಿಕೊಳ್ಳುವಷ್ಟು ಕೆಲಸ ಮನೆಯಲ್ಲಿದೆಯೇ? ಹಗಲಿನಲ್ಲಿ ಉರಿಯುವ ದೀಪವನ್ನು ಸಹಿಸದ ಡಾಲೆನ್ ಅವರೂ ಬಹುಶಃ ಇದನ್ನೇ ಕೇಳುತ್ತಿದ್ದರು.