ಜೂನ್ 1ಕ್ಕೆ ಮುಂಚಿನ ವಯಸ್ಸು: ಒಕ್ಕಲು ಮನೆಯ ವರ್ಷ ಮತ್ತು ಮಕ್ಕಳ ಬೆಳವಣಿಗೆ

ಕರ್ನಾಟಕದ ಒಕ್ಕಲು ಮನೆಗಳಲ್ಲಿ, ಅಂದರೆ ಬೇಸಾಯವನ್ನೇ ನೆಚ್ಚಿದ ಕುಟುಂಬಗಳಲ್ಲಿ, ಮಗುವಿನ ವಯಸ್ಸನ್ನು ಅಂಕಿಯಲ್ಲಿ ಹೇಳುವ ವಾಡಿಕೆ ಬಹಳ ಹಳೆಯದಲ್ಲ. ಜಾತಕ ಬರೆಸುವ ಮನೆತನಗಳನ್ನು ಬಿಟ್ಟರೆ ಉಳಿದವರಿಗೆ ಹುಟ್ಟಿದ ದಿನಕ್ಕಿಂತ ಹುಟ್ಟಿದ ಕಾಲ ಮುಖ್ಯವಾಗಿತ್ತು. ಆ ಕಾಲವನ್ನು ಸಂವತ್ಸರದ ಹೆಸರಿನಿಂದಲೋ, ಆಗ ಸುರಿಯುತ್ತಿದ್ದ ಮಳೆಯಿಂದಲೋ, ಊರು ಕಂಡ ಬರಗಾಲ ರೋಗಗಳಿಂದಲೋ ಗುರುತಿಸಲಾಗುತ್ತಿತ್ತು. ಈ ಎಣಿಕೆಯನ್ನು ಅಜ್ಞಾನವೆಂದು ತಳ್ಳಿಹಾಕಿದ ಅಧಿಕಾರಿಗಳ ಮಾತನ್ನೇ ನಂತರದ ವಿದ್ಯಾವಂತರೂ ಒಪ್ಪಿಕೊಂಡದ್ದುಂಟು. ಆದರೆ ಅದು ಅಜ್ಞಾನವಲ್ಲ, ದುಡಿಮೆಯ ವರ್ಷಕ್ಕೆ ಹೊಂದಿಕೊಂಡಿದ್ದ ಇನ್ನೊಂದು ಲೆಕ್ಕ.

ಈ ಲೆಕ್ಕದ ದೊಡ್ಡ ಅಳತೆ ಸಂವತ್ಸರ ಚಕ್ರ. ಪ್ರಭವದಿಂದ ಅಕ್ಷಯದವರೆಗೆ 60 ಹೆಸರುಗಳಿರುವ ಈ ಚಕ್ರ 1867ರಲ್ಲಿ, 1927ರಲ್ಲಿ ಮತ್ತು 1987ರಲ್ಲಿ ಹೊಸದಾಗಿ ಮೊದಲಾಯಿತು. ತಾನು ಹುಟ್ಟಿದ ಸಂವತ್ಸರ ಮರಳಿ ಬರುವುದನ್ನು ಕಂಡವನಿಗೆ ಷಷ್ಟ್ಯಬ್ದಿ, ಅಂದರೆ ಅರವತ್ತು ತುಂಬಿದ ಶಾಂತಿ ನಡೆಯುವುದು ಈ ಚಕ್ರದ ಆಧಾರದ ಮೇಲೆಯೇ. ಸಂವತ್ಸರದ ಹೆಸರು ಬರಿಯ ಹೆಸರಾಗಿ ಉಳಿಯದೆ ನೆನಪಾಗಿ ಗಟ್ಟಿಗೊಳ್ಳುವುದೂ ಉಂಟು. ಧಾತು ಮತ್ತು ಈಶ್ವರ ಸಂವತ್ಸರಗಳು 1876ರಿಂದ 1878ರ ಮಹಾಕ್ಷಾಮದ ವರ್ಷಗಳಾಗಿದ್ದು, ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯ ಸುಮಾರು 50 ಲಕ್ಷದಿಂದ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದದ್ದು ಆ ಬರದಿಂದ. ಅದಾದ ಮೇಲೆ ಒಂದೆರಡು ತಲೆಮಾರಿನವರೆಗೆ ಮಕ್ಕಳನ್ನು ಧಾತು ಬರಕ್ಕೆ ಮುಂಚೆ ಹುಟ್ಟಿದವರು, ನಂತರ ಹುಟ್ಟಿದವರು ಎಂದು ಎಣಿಸಿದ್ದರಲ್ಲಿ ಆಶ್ಚರ್ಯವಿಲ್ಲ. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗು ಮುಂದೆ ಹಳ್ಳಿಗಳಿಗೂ ಹಬ್ಬಿ, ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ವರ್ಷಗಳಲ್ಲಿ ಹುಟ್ಟಿದ ಕೂಸುಗಳಿಗೂ, 1918ರ ಇನ್‌ಫ್ಲುಯೆಂಜಾ ಜ್ವರದ ಕಾಲದ ಕೂಸುಗಳಿಗೂ ಅದೇ ಬಗೆಯ ಗುರುತು ಅಂಟಿಕೊಂಡಿತು.

ಸಂವತ್ಸರದ ಒಳಗಿನ ಸಣ್ಣ ಅಳತೆ ಮಳೆ ನಕ್ಷತ್ರ. ಸೂರ್ಯನು ಅಶ್ವಿನಿ ಮೊದಲಾದ 27 ನಕ್ಷತ್ರಗಳ ಒಂದೊಂದರಲ್ಲೂ ಹದಿಮೂರು ಹದಿನಾಲ್ಕು ದಿನ ಇರುತ್ತಾನೆಂಬ ಲೆಕ್ಕದ ಮೇಲೆ, ಆ ಅವಧಿಯಲ್ಲಿ ಬೀಳುವ ಮಳೆಗೂ ಅದೇ ನಕ್ಷತ್ರದ ಹೆಸರನ್ನು ಇಡಲಾಗುತ್ತದೆ. ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಕೊನೆಗೆ ರೋಹಿಣಿ, ಜೂನ್ ಎರಡನೆಯ ವಾರ ಮೃಗಶಿರ, ಆಮೇಲೆ ಆರಿದ್ರಾ. ಹೀಗೆ ಸಾಗಿ ಹಸ್ತ, ಚಿತ್ತೆ, ಸ್ವಾತಿಗಳ ಹೊತ್ತಿಗೆ ಹಿಂಗಾರು ಬಂದಿರುತ್ತದೆ. ಯಾವ ಮಳೆಗೆ ಯಾವ ಬೀಜ ಬಿತ್ತಬೇಕೆಂಬುದು ಗಾದೆಗಳಲ್ಲಿ ಅಡಕವಾಗಿದ್ದುದರಿಂದ ಅಕ್ಷರ ಬಾರದ ಮನೆಯಲ್ಲೂ ಪಂಚಾಂಗದ ಸಾರ ನಾಲಗೆಯ ಮೇಲೆಯೇ ಇತ್ತು. ಇಂಥ ಮನೆಯ ತಾಯಿ ತನ್ನ ಮಗ ಹುಟ್ಟಿದ್ದು ಹುಬ್ಬೆ ಮಳೆ ಹಿಡಿದು ಸುರಿಯುವಾಗ ಎಂದರೆ, ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಎರಡನೆಯ ವಾರದ ಒಳಗಿನ ಎರಡು ವಾರಗಳನ್ನು ಆಕೆ ಖಚಿತವಾಗಿಯೇ ಹೇಳಿದಂತಾಯಿತು. ಸಂವತ್ಸರವನ್ನೂ ಸೇರಿಸಿ ಹೇಳಿದ್ದರೆ ಯಾವ ಗುಮಾಸ್ತನಾದರೂ ಅದನ್ನು ಇಂಗ್ಲಿಷ್ ತಾರೀಖಿಗೆ ತಿರುಗಿಸಬಹುದಿತ್ತು. ಹಾಗೆ ತಿರುಗಿಸುವ ಶ್ರಮವನ್ನು ಯಾರೂ ಪಡಲಿಲ್ಲವೆಂಬುದೇ ಈ ಇತಿಹಾಸದ ದೊಡ್ಡ ನಷ್ಟ.

ಕರಾವಳಿಯ ಲೆಕ್ಕ ಬೇರೆ. ಅಲ್ಲಿ ಸೌರಮಾನ ನಡೆಯುವುದರಿಂದ ತುಳುವರ ವರ್ಷ ಏಪ್ರಿಲ್ ಮಧ್ಯದ ಬಿಸುವಿನಿಂದ ಮೊದಲಾಗಿ ಪಗ್ಗು, ಬೇಶ, ಕಾರ್ತೆಲ್, ಆಟಿ ಎಂದು ಸಾಗುತ್ತದೆ. ಘಟ್ಟದ ಮೇಲಿನ ಚಾಂದ್ರಮಾನದ ಮನೆಗಳಿಗೆ ವರ್ಷದ ತಲೆಬಾಗಿಲು ಚೈತ್ರದ ಯುಗಾದಿ. ಆ ದಿನ ಬೇವುಬೆಲ್ಲವಾದ ಮೇಲೆ ಪಂಚಾಂಗ ಶ್ರವಣ ನಡೆದು, ಆ ವರ್ಷ ಎಷ್ಟು ಕೊಳಗ ಮಳೆ ಎಂಬುದನ್ನು ಊರು ಕೇಳಿಸಿಕೊಳ್ಳುತ್ತಿತ್ತು. ಹಳೆ ಮೈಸೂರಿನ ಕಡೆ ಹೊನ್ನಾರು ಕಟ್ಟಿ, ಎಂದರೆ ಸಿಂಗರಿಸಿದ ಎತ್ತುಗಳಿಂದ ವರ್ಷದ ಮೊದಲ ಉಳುಮೆಯನ್ನು ಶಾಸ್ತ್ರವಾಗಿ ಮಾಡಿ, ದುಡಿಮೆಯನ್ನು ಆರಂಭಿಸಲಾಗುತ್ತಿತ್ತು. ಹಲವೆಡೆ ಜೀತದ ಕರಾರು ಕೂಡ ಯುಗಾದಿಯಿಂದ ಯುಗಾದಿಗೆ ಇರುತ್ತಿತ್ತು. ಸಾಲಕ್ಕಾಗಿ ಮಗನನ್ನು ಇನ್ನೊಬ್ಬರ ಮನೆಯ ದನ ಕಾಯಲು ಬಿಟ್ಟ ಕುಟುಂಬಕ್ಕೆ ಅದೇ ಹಬ್ಬ ಲೆಕ್ಕ ಚುಕ್ತಾ ಆಗದ ಇನ್ನೊಂದು ವರ್ಷದ ಆರಂಭವೂ ಆಗಿತ್ತೆಂಬುದನ್ನು ಹಳ್ಳಿಯ ಹಳೆಯ ಬಾಳನ್ನು ಹೊಗಳುವವರು ಮರೆಯಬಾರದು. ಜೀತವನ್ನು ಕಾನೂನು ರದ್ದುಗೊಳಿಸಿದ್ದು 1976ರಲ್ಲಿ.

ಮಗು ಬೆಳೆಯುವುದನ್ನು ಮನೆ ಗಮನಿಸುತ್ತಿದ್ದುದು ಅದರ ಮೈ ಮತ್ತು ಕೈಕೆಲಸಗಳಲ್ಲಿ. ಬೋರಲು ಬೀಳುವುದು, ಅಂಬೆಗಾಲಿಡುವುದು, ತಪ್ಪುಹೆಜ್ಜೆ ಹಾಕುವುದು ಎಂಬ ಹಂತಗಳು ಇಂದಿಗೂ ಮಾತಿನಲ್ಲಿ ಉಳಿದಿವೆ. ತೊಟ್ಟಿಲಿಗೆ ಹಾಕುವುದು, ಕಿವಿ ಚುಚ್ಚಿಸುವುದು, ಮನೆದೇವರ ಸನ್ನಿಧಿಯಲ್ಲಿ ಜವಳ, ಎಂದರೆ ಹುಟ್ಟುಗೂದಲು ತೆಗೆಸುವುದು ಮುಂತಾದ ಶಾಸ್ತ್ರಗಳು ಈ ಹಂತಗಳಿಗೆ ಜೊತೆಯಾಗುತ್ತಿದ್ದವು. ಆಮೇಲಿನ ವಯಸ್ಸಿಗೆ ಶಾಸ್ತ್ರಗಳಿಗಿಂತ ಕೆಲಸವೇ ಅಳತೆ: ಹುಡುಗನಾದರೆ ಕರು ಕಾಯುವಷ್ಟು, ಎಮ್ಮೆ ಕಾಯುವಷ್ಟು, ನೇಗಿಲು ಹಿಡಿಯುವಷ್ಟು ದೊಡ್ಡವನು, ಹುಡುಗಿಯಾದರೆ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಳ್ಳುವಷ್ಟು, ಬಿಂದಿಗೆ ಹೊರುವಷ್ಟು ದೊಡ್ಡವಳು. ಹಬ್ಬಗಳೂ ಮಕ್ಕಳ ಪಾಲನ್ನು ವಯಸ್ಸಿಗೆ ತಕ್ಕಂತೆ ಹಂಚಿಕೊಟ್ಟಿದ್ದವು. ಉತ್ತರ ಕರ್ನಾಟಕದಲ್ಲಿ ಜ್ಯೇಷ್ಠದ ಕೊನೆಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಯಂದು ಕರಿಮಣ್ಣಿನಲ್ಲಿ ಎತ್ತು ಮಾಡುವ ಹುಡುಗ ಕೆಲವು ವರ್ಷಗಳಲ್ಲೇ ನಿಜವಾದ ಎತ್ತಿನ ಹಿಂದೆ ನಡೆಯುವವನು. ಶ್ರಾವಣದ ನಾಗರ ಪಂಚಮಿಗೆ ಜೋಕಾಲಿಯಾಡುವ ಹುಡುಗಿ ಕೆಲವು ವರ್ಷಗಳಲ್ಲೇ ಅದೇ ಹಬ್ಬಕ್ಕೆ ತವರಿನ ಕರೆಗಾಗಿ ಕಾಯುವವಳು.

ಓದು ಈ ವರ್ಷದೊಳಗೆ ಇರಲಿಲ್ಲವೆಂದಲ್ಲ. ಐಗಳು ನಡೆಸುತ್ತಿದ್ದ ಕೂಲಿಮಠಗಳಲ್ಲಿ, ಅಂದರೆ ಪೋಷಕರು ಕೊಡುವ ಧಾನ್ಯ ಕಾಸುಗಳಿಂದ ನಡೆಯುವ ಊರಿನ ಪಾಠಶಾಲೆಗಳಲ್ಲಿ, ಹುಡುಗರು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿಯುತ್ತಿದ್ದರು, ಮಗ್ಗಿ ಬಾಯಿಪಾಠ ಮಾಡುತ್ತಿದ್ದರು. ಮಹಾನವಮಿಯಲ್ಲಿ ಐಗಳೊಂದಿಗೆ ಮನೆಮನೆಗೆ ಹೋಗಿ ಪದ ಹಾಡಿ ಕಾಣಿಕೆ ತರುತ್ತಿದ್ದರು. ಆದರೆ ಕೂಲಿಮಠ ವಯಸ್ಸನ್ನು ಕೇಳುತ್ತಿರಲಿಲ್ಲ, ಸುಗ್ಗಿಯಲ್ಲಿ ಹುಡುಗರು ಕಣಕ್ಕೆ ಹೋದರೆ ಅದನ್ನು ಗೈರುಹಾಜರಿಯೆಂದು ಬರೆಯುತ್ತಲೂ ಇರಲಿಲ್ಲ. ಅದರ ಬಾಗಿಲು ಹಲವು ಜಾತಿಗಳಿಗೂ ಹೆಣ್ಣುಮಕ್ಕಳಿಗೂ ಮುಚ್ಚಿತ್ತೆಂಬುದನ್ನು ಇಲ್ಲಿ ಸೇರಿಸಿ ಹೇಳಲೇಬೇಕು.

ವಯಸ್ಸನ್ನು ಅಂಕಿಯಲ್ಲಿ ಕೇಳಿದವರು ಕಾನೂನು, ಗಣತಿ ಮತ್ತು ಸರ್ಕಾರಿ ಶಾಲೆ. ಮೈಸೂರು ಸಂಸ್ಥಾನ 1894ರಲ್ಲಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು. ಶಾರದಾ ಕಾಯಿದೆಯೆಂದು ಹೆಸರಾದ 1929ರ ಕಾನೂನು ಬ್ರಿಟಿಷ್ ಭಾರತದಲ್ಲಿ ಆ ಮಿತಿಯನ್ನು ಹೆಣ್ಣಿಗೆ 14, ಗಂಡಿಗೆ 18 ಎಂದು ನಿಗದಿ ಮಾಡಿತು. ಮೈ ನೆರೆಯುವುದೇ ಮದುವೆಯ ಗಡುವಾಗಿದ್ದ ಮನೆಗಳಿಗೆ ಮಗಳ ವಯಸ್ಸನ್ನು ವರ್ಷಗಳಲ್ಲಿ ಸಾಬೀತು ಮಾಡಬೇಕಾದ ಸನ್ನಿವೇಶ ಒದಗಿದ್ದು ಹೀಗೆ. 1913ರಲ್ಲಿ ಮೈಸೂರು ಆಯ್ದ ಕೇಂದ್ರಗಳಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಲು ಹೊರಟಾಗ, ಹುಡುಗರ ವಯಸ್ಸೂ ದಾಖಲೆಯ ವಿಷಯವಾಯಿತು.

ಶಾಲೆಯ ಮೇಷ್ಟರು ಇದಕ್ಕೆ ಕಂಡುಕೊಂಡ ಉಪಾಯ ಸರಳವಾದದ್ದು. ಮಗುವಿನ ಬಲಗೈಯನ್ನು ತಲೆಯ ಮೇಲಿನಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಿಸುವುದು. ಬೆರಳು ಕಿವಿಗೆ ಎಟುಕಿದರೆ ಸೇರಿಸಿಕೊಳ್ಳುವುದು, ಎಟುಕದಿದ್ದರೆ ಬರುವ ವರ್ಷ ಬಾ ಎಂದು ಕಳುಹಿಸುವುದು. ಇದು ಮೈಯನ್ನೇ ಅಳತೆ ಮಾಡಿದ ಹಳೆಯ ಪದ್ಧತಿಯ ಕೊನೆಯ ರೂಪ. ಎಟುಕಿದ ಮಗುವಿಗೆ ರಿಜಿಸ್ಟರಿನಲ್ಲಿ ಒಂದು ಜನ್ಮದಿನಾಂಕ ಬೇಕಾದಾಗ, ಶಾಲೆಯ ವರ್ಷ ಮೊದಲಾಗುವ ಹೊತ್ತಿಗೆ ವಯಸ್ಸು ಸರಿಹೊಂದುವಂತೆ ಮೇಷ್ಟರು ಎಷ್ಟೋ ಸಲ ಬರೆದದ್ದು ಜೂನ್ 1. ಹುಬ್ಬೆ ಮಳೆಯಲ್ಲಿ ಹುಟ್ಟಿದವನೂ ಸಂಕ್ರಾಂತಿಯ ಎಳ್ಳು ಬೀರುವ ಹೊತ್ತಿಗೆ ಹುಟ್ಟಿದವಳೂ ಆ ಒಂದೇ ದಿನಕ್ಕೆ ಸೇರಿದರು.

ಶಾಲೆ ಬದಲಿಸಿದ್ದು ವಯಸ್ಸನ್ನು ಮಾತ್ರವಲ್ಲ, ಮನೆಯ ವರ್ಷವನ್ನೂ. ಯುಗಾದಿ ಬರುವ ಮಾರ್ಚ್ ಏಪ್ರಿಲ್ ಪರೀಕ್ಷೆಯ ಕಾಲವಾಗಿ, ಹೊಸ ಪುಸ್ತಕ, ಹೊಸ ಸಮವಸ್ತ್ರ, ಛತ್ರಿಗಳ ಖರ್ಚಿನ ಜೂನ್ ತಿಂಗಳೇ ಅನೇಕ ಕುಟುಂಬಗಳಿಗೆ ವರ್ಷದ ನಿಜವಾದ ಆರಂಭವಾಯಿತು. ಆಷಾಢಕ್ಕೋ ಪಂಚಮಿಗೋ ಗೌರಿ ಹಬ್ಬಕ್ಕೋ ತವರಿಗೆ ಹೋಗಿ ವಾರಗಟ್ಟಲೆ ಇರುತ್ತಿದ್ದ ತಾಯಂದಿರು ಮಕ್ಕಳ ಪಾಠ ತಪ್ಪುತ್ತದೆಂದು ಹೋದ ದಾರಿಯಲ್ಲೇ ಮರಳುವಂತಾಗಿ, ಆ ದೀರ್ಘವಾಸ ಬೇಸಿಗೆ ರಜೆಗೆ ಸರಿಯಿತು. ಅಜ್ಜಿಯ ಮನೆಯೆಂದರೆ ಮಾವಿನ ಕಾಲವೆಂಬ ಈಗಿನ ನೆನಪು ಮೂಲತಃ ಶಾಲಾ ವೇಳಾಪಟ್ಟಿಯ ಕೊಡುಗೆ. ಇದರಲ್ಲಿ ಕಳೆದುಕೊಂಡದ್ದಿದೆ ನಿಜ; ಆದರೆ ಬಿಂದಿಗೆ ಹೊರುವಷ್ಟು ದೊಡ್ಡವಳಾದ ಹುಡುಗಿಗೆ ಬಿಂದಿಗೆಯ ಬದಲು ಸ್ಲೇಟು ಸಿಕ್ಕಿದ್ದು, ಜೀತಕ್ಕೆ ಹೋಗಬೇಕಾದ ಹುಡುಗ ತರಗತಿಯಲ್ಲಿ ಕುಳಿತದ್ದು ಇದೇ ಬದಲಾವಣೆಯಿಂದ. ಆ ಲಾಭದ ಮುಂದೆ ತಪ್ಪು ಬರೆದ ಜನ್ಮದಿನಾಂಕ ಸಣ್ಣ ಬೆಲೆ.

ಜನನ ಮರಣ ನೋಂದಣಿ ಕಾಯಿದೆ 1969ರಲ್ಲಿ ಬಂದು, ಹೆರಿಗೆಗಳು ಕ್ರಮೇಣ ತವರುಮನೆಯ ಬಾಣಂತಿ ಕೋಣೆಯಿಂದ ಆಸ್ಪತ್ರೆಗಳಿಗೆ ಸರಿದ ಮೇಲೆ, ಹುಟ್ಟಿದ ದಿನವೇ ದಾಖಲೆಯ ದಿನವೂ ಆಗತೊಡಗಿತು. ಅದಕ್ಕೆ ಮುಂಚಿನ ತಲೆಮಾರಿನ ಗುರುತು ಸರ್ಕಾರಿ ಕಚೇರಿಗಳಲ್ಲಿ ಬಹುಕಾಲ ಉಳಿಯಿತು: ತಿಂಗಳ ಮೊದಲ ತಾರೀಖಿನಂದು ಹುಟ್ಟಿದ ನೌಕರರು ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತರಾಗಬೇಕೆಂಬ ನಿಯಮದಿಂದಾಗಿ, ಮೇಷ್ಟರು ಜೂನ್ 1 ಎಂದು ಬರೆದುಕೊಟ್ಟವರೆಲ್ಲರೂ ಕೆಲಸದಿಂದ ಬಿಡುಗಡೆ ಹೊಂದಿದ್ದು ಮೇ 31ರಂದು.