ಮುಂದಿನ ಆದೇಶದವರೆಗೆ: ತುರ್ತು ವಿಧಿಗಳ ಚರಿತ್ರೆಯಲ್ಲಿ ಒಂದು ಎಳೆ

‘ಮುಂದಿನ ಆದೇಶದವರೆಗೆ’ ಎಂಬ ಮಾತು ಸರ್ಕಾರಿ ಸುತ್ತೋಲೆ ಓದುವವರಿಗೆಲ್ಲ ರೂಢಿಯದು. ಶಾಲೆಗೆ ರಜೆ ಕೊಟ್ಟರೂ, ರಸ್ತೆ ಮುಚ್ಚಿದರೂ ಕೊನೆಗೆ ಈ ಮಾತಿರುತ್ತದೆ. 1933ರ ಫೆಬ್ರುವರಿ 28ರಂದು ಬರ್ಲಿನ್ನಿನಲ್ಲಿ ಹೊರಟ ಆಜ್ಞೆಯೊಂದರಲ್ಲೂ ಇದೇ ಅರ್ಥದ ಮಾತಿತ್ತು. ಹಿಂದಿನ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿದ್ದಿತ್ತು. ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಸಭೆ ಸೇರುವ ಹಕ್ಕು, ಅಂಚೆಯ ಗೋಪ್ಯತೆ ಎಲ್ಲವೂ ಮುಂದಿನ ಆದೇಶದವರೆಗೆ ಅಮಾನತಾದವು. ಆ ಮುಂದಿನ ಆದೇಶ ಹನ್ನೆರಡು ವರ್ಷವಾದರೂ ಬರಲಿಲ್ಲ. ಹಿಟ್ಲರನ ಆಳ್ವಿಕೆಯೇ ಮುಗಿಯಬೇಕಾಯಿತು.

ರಾಜಕೀಯ ಸ್ವಾತಂತ್ರ್ಯ ಕುಸಿದ ಕಥೆಗಳಲ್ಲಿ ಟ್ಯಾಂಕುಗಳೂ ಸೇನಾಧಿಪತಿಗಳೂ ಕಣ್ಣಿಗೆ ಬೇಗ ಬೀಳುತ್ತಾರೆ. ಈ ಲೇಖನ ನೋಡಹೊರಟಿರುವುದು ಸಂವಿಧಾನವೇ ತೆರೆದಿಟ್ಟ ಬಾಗಿಲನ್ನು. ಜರ್ಮನಿಯ ಆ ಬಾಗಿಲಿಗೂ ನಮ್ಮದಕ್ಕೂ ಇರುವ ಹೋಲಿಕೆಯನ್ನು ಮೊದಲೇ ಕಂಡು ಕೂಗಿ ಹೇಳಿದವರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರೊಬ್ಬರಿದ್ದರು.

1919ರ ವೈಮರ್ ಸಂವಿಧಾನದ 48ನೇ ವಿಧಿ ಸಾರ್ವಜನಿಕ ಸುವ್ಯವಸ್ಥೆ ಕೆಟ್ಟಾಗ ಏಳು ಮೂಲಭೂತ ಹಕ್ಕುಗಳನ್ನು ತಡೆಹಿಡಿಯುವ ಅಧಿಕಾರವನ್ನು ಅಧ್ಯಕ್ಷನಿಗೆ ಕೊಟ್ಟಿತ್ತು. ಅದನ್ನು ಮೊದಲು ಧಾರಾಳವಾಗಿ ಬಳಸಿದ್ದು ಸೋಷಿಯಲ್ ಡೆಮಾಕ್ರಾಟ್ ಆಗಿದ್ದ ಫ್ರೀಡ್ರಿಶ್ ಎಬರ್ಟ್. ಅದೂ ಗಣರಾಜ್ಯವನ್ನು ಉಳಿಸಲೆಂದು, ನೂರಕ್ಕೂ ಹೆಚ್ಚು ಸಲ. ದಾರಿ ಸವೆಸಿದವರು ಒಳ್ಳೆಯವರೇ. 1930ರಲ್ಲಿ ಸಂಸತ್ತು 98 ಕಾನೂನುಗಳನ್ನು ಮಾಡಿತ್ತು. 1932ರಲ್ಲಿ ಬರೀ 5. ಉಳಿದ ಆಡಳಿತವೆಲ್ಲ ತುರ್ತು ಆಜ್ಞೆಗಳ ಮೇಲೆ ನಡೆಯಿತು. ಹಿಟ್ಲರ್ ಕುರ್ಚಿಯಲ್ಲಿ ಕೂರುವ ಹೊತ್ತಿಗೆ ಸಂಸತ್ತಿಲ್ಲದೆ ಆಳುವುದು ಜರ್ಮನರಿಗೆ ಹೊಸದಾಗಿ ಕಾಣಿಸಲಿಲ್ಲ. 1933ರ ಮಾರ್ಚ್ 23ರಂದು ಸಂಸತ್ತು ತನ್ನ ಅಧಿಕಾರವನ್ನು ತಾನೇ 444–94 ಮತಗಳಿಂದ ಒಪ್ಪಿಸಿಕೊಟ್ಟಿತು. ವಿರೋಧಿಸಿದ 94 ಮಂದಿಯೂ ಎಬರ್ಟ್ ಪಕ್ಷದವರು.

ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು 1938ರಲ್ಲಿ ಐಸಿಎಸ್ ನೌಕರಿ ಬಿಟ್ಟು ಸುಭಾಷ್ ಚಂದ್ರ ಬೋಸರ ಜೊತೆ ಹೋದವರು. ಸಂವಿಧಾನ ಸಭೆಗೆ ಬಂದದ್ದು ಸೆಂಟ್ರಲ್ ಪ್ರಾವಿನ್ಸಸ್‌ನಿಂದ. 1949ರ ಆಗಸ್ಟಿನಲ್ಲಿ ತುರ್ತು ವಿಧಿಗಳು ಚರ್ಚೆಗೆ ಬಂದಾಗ ಅವರು ವೈಮರ್‌ನ 48ನೇ ವಿಧಿಯನ್ನೇ ಎತ್ತಿಕೊಂಡು, ಹಿಟ್ಲರ್ ಮೇಲೆ ಹತ್ತಿದ ಮೆಟ್ಟಿಲು ಅದೇ ಎಂದು ವಾದಿಸಿದರು. ಅವರನ್ನು ಬಹಳ ಕಾಡಿದ್ದು ಕರಡಿನ 280ನೇ ವಿಧಿ. ಹಕ್ಕು ಕಾಗದದ ಮೇಲೆ ಇದ್ದಂತೆಯೇ ಇರುತ್ತದೆ; ಅದಕ್ಕಾಗಿ ನ್ಯಾಯಾಲಯಕ್ಕೆ ಹೋಗುವುದನ್ನು ರಾಷ್ಟ್ರಪತಿ ತಡೆಯಬಹುದು. ವಿಧಿ ಅಂಗೀಕಾರವಾದಾಗ ಇದು ನಾಚಿಕೆಯ, ದುಃಖದ ದಿನವೆಂದು ಅವರು ಸದನದಲ್ಲೇ ಹೇಳಿದರು. ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಅವರಂಥ ಹಿರಿಯರು ಈ ಅಧಿಕಾರಗಳನ್ನು ಸಮರ್ಥಿಸಿದ್ದರು. ವಿಭಜನೆಯ ರಕ್ತ ಇನ್ನೂ ಒಣಗಿರಲಿಲ್ಲ, ಕಾಶ್ಮೀರದಲ್ಲಿ ಆಗಷ್ಟೇ ಕದನವಿರಾಮವಾಗಿತ್ತು. ಅವರ ಭಯವೂ ಪೊಳ್ಳಲ್ಲ. ಅಂತಿಮ ಸಂವಿಧಾನದಲ್ಲಿ ಆ ವಿಧಿಗೆ 359 ಎಂಬ ಸಂಖ್ಯೆ ಬಂತು.

1975ರ ಜೂನ್ 25ರ ರಾತ್ರಿ ‘ಆಂತರಿಕ ಕ್ಷೋಭೆ’ ಎಂಬ ಎರಡೇ ಪದಗಳ ಆಧಾರದ ಮೇಲೆ ತುರ್ತುಪರಿಸ್ಥಿತಿ ಘೋಷಣೆಗೆ ರಾಷ್ಟ್ರಪತಿಯ ಸಹಿ ಬಿತ್ತು. ಸಂಪುಟಕ್ಕೆ ಗೊತ್ತಾದದ್ದು ಮರುದಿನ ಬೆಳಗ್ಗೆ. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇಲ್ಲೇ ಸೆರೆಯಾಗಿ ಸೆಂಟ್ರಲ್ ಜೈಲು ಸೇರಿದರು. ‘ಸಂಸ್ಕಾರ’ ಚಿತ್ರದ ಚಂದ್ರಿ ಸ್ನೇಹಲತಾ ರೆಡ್ಡಿ ಅದೇ ಜೈಲಿನಲ್ಲಿ ಅಸ್ತಮಾದಿಂದ ನರಳಿ, 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಜೂನ್ 27ರಂದು 359ನೇ ವಿಧಿಯಡಿ, ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋಗುವುದನ್ನು ತಡೆಯುವ ಇನ್ನೊಂದು ಆದೇಶ ಬಂತು. ಆದರೂ ಬಂಧಿತರ ಅರ್ಜಿಗಳನ್ನು ಕೇಳುತ್ತೇವೆ ಎಂದ ಒಂಬತ್ತು ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. 1976ರಲ್ಲಿ ಹಲವು ಹೈಕೋರ್ಟ್ ನ್ಯಾಯಮೂರ್ತಿಗಳಿಗೆ ವರ್ಗದ ಆದೇಶ ಬಂದಾಗ ಇಲ್ಲಿನ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ ಹೋಗಬೇಕಾಯಿತು. ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಜಬಲ್ಪುರ ಪ್ರಕರಣದಲ್ಲಿ, ಅಕ್ರಮ ಬಂಧನವನ್ನು ಪ್ರಶ್ನಿಸುವ ದಾರಿ ಮುಚ್ಚಿದೆ ಎಂದು 4–1ರ ಬಹುಮತದಲ್ಲಿ ತೀರ್ಪಿತ್ತಿತು. ಒಪ್ಪದ ಎಚ್.ಆರ್. ಖನ್ನಾ ಅವರಿಗೆ ಮುಖ್ಯ ನ್ಯಾಯಮೂರ್ತಿ ಪಟ್ಟ ತಪ್ಪಿತು. ಕಾಮತರು ಹೆದರಿದ್ದು ಅಕ್ಷರಶಃ ನಡೆದಿತ್ತು.

ಇಂದಿನ ಜಗತ್ತಿನಲ್ಲಿ ಈ ಬಾಗಿಲಿನ ಬಳಕೆ ಕಡಿಮೆಯಾಗಿಲ್ಲ. ಅಮೆರಿಕದ ಫ್ರೀಡಂ ಹೌಸ್ ಸಂಸ್ಥೆ 2006ರಿಂದೀಚೆಗೆ ವರ್ಷವರ್ಷವೂ ಸ್ವಾತಂತ್ರ್ಯದ ಇಳಿಕೆಯನ್ನೇ ದಾಖಲಿಸುತ್ತ ಬಂದಿದೆ. ಅದು ಅಂಕ ಹಾಕುವ ಕ್ರಮದ ಬಗ್ಗೆ ತಕರಾರುಗಳಿವೆ, ಇರಬೇಕಾದ್ದೇ. ಆದರೆ ಘಟನೆಗಳಿಗೆ ಅಂಕ ಬೇಕಿಲ್ಲ. 2016ರ ವಿಫಲ ದಂಗೆಯ ನಂತರ ತುರ್ಕಿಯಲ್ಲಿ ಎರಡು ವರ್ಷ ತುರ್ತುಪರಿಸ್ಥಿತಿ ಇತ್ತು. ಅಧ್ಯಕ್ಷರ ಕೈಗೆ ಭಾರಿ ಅಧಿಕಾರ ಕೊಟ್ಟ 2017ರ ಜನಮತಗಣನೆ ನಡೆದದ್ದೂ ಅದರ ನೆರಳಲ್ಲೇ. ಹಂಗೇರಿಯ ಸಂಸತ್ತು 2020ರ ಮಾರ್ಚ್ 30ರಂದು ಕೋವಿಡ್ ನೆಪದಲ್ಲಿ, ಗಡುವೇ ಇಲ್ಲದೆ ಆಜ್ಞೆಗಳ ಮೂಲಕ ಆಳುವ ಅಧಿಕಾರವನ್ನು ಓರ್ಬಾನ್ ಸರ್ಕಾರಕ್ಕೆ ಕೊಟ್ಟಿತು. ಜೂನಿನಲ್ಲಿ ಅದನ್ನು ಹಿಂತೆಗೆದರೂ 2022ರಲ್ಲಿ ಸಂವಿಧಾನ ತಿದ್ದಿ, ನೆರೆದೇಶದ ಯುದ್ಧವನ್ನೂ ತುರ್ತಿಗೆ ಕಾರಣವಾಗಿ ಸೇರಿಸಿದರು. ಎಲ್ ಸಾಲ್ವಡಾರ್‌ನಲ್ಲಿ 2022ರ ಮಾರ್ಚಿನಲ್ಲಿ ಮೂವತ್ತು ದಿನಕ್ಕೆಂದು ಬಂದದ್ದು ತಿಂಗಳು ತಿಂಗಳೂ ನವೀಕರಣಗೊಂಡು ವರ್ಷಗಳನ್ನೇ ದಾಟಿತು. ಬಂಧಿತರ ಸಂಖ್ಯೆ 80,000 ಮೀರಿತು. ಅಲ್ಲಿ ಗ್ಯಾಂಗುಗಳ ಕೊಲೆಗಳು ಇಳಿದದ್ದೂ ನಿಜ, 2024ರಲ್ಲಿ ಅಧ್ಯಕ್ಷ ಬುಕೆಲೆಗೆ ಜನ ಭಾರಿ ಬಹುಮತ ಕೊಟ್ಟದ್ದೂ ನಿಜ. ಕಸಿದುಕೊಂಡವನಿಗೇ ಜನ ಚಪ್ಪಾಳೆ ತಟ್ಟುವಾಗ ಏನು ಹೇಳಬೇಕು? ಕಾಮತರ ಭಾಷಣಗಳಲ್ಲೂ ಇದಕ್ಕೆ ನೇರ ಉತ್ತರ ನನಗೆ ಸಿಗಲಿಲ್ಲ.

ನಮ್ಮಲ್ಲಿ ಬಾಗಿಲಿಗೆ ಕೆಲವು ಅಗುಳಿಗಳು ಬಿದ್ದಿವೆ. 1978ರ 44ನೇ ತಿದ್ದುಪಡಿ ‘ಆಂತರಿಕ ಕ್ಷೋಭೆ’ಯನ್ನು ಅಳಿಸಿ ‘ಸಶಸ್ತ್ರ ಬಂಡಾಯ’ ಎಂದು ಬರೆಯಿತು. ಸಂಪುಟದ ಲಿಖಿತ ಸಲಹೆ ಕಡ್ಡಾಯವಾಯಿತು. ಆ ಹೊತ್ತಿಗೆ ಕಾಮತರು ಹೊಶಂಗಾಬಾದಿನಿಂದ ಗೆದ್ದು ಲೋಕಸಭೆಯಲ್ಲಿದ್ದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಖಾಸಗಿತನದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟು ಜಬಲ್ಪುರ ತೀರ್ಪನ್ನೂ ತಳ್ಳಿಹಾಕಿತು. 359ನೇ ವಿಧಿ ಮಾತ್ರ ಹೋಗಲಿಲ್ಲ. ಬದುಕಿನ ಹಕ್ಕು ಸೇರಿದಂತೆ 20 ಮತ್ತು 21ನೇ ವಿಧಿಗಳು ಅದರ ಕೈಗೆ ಸಿಗದಂತೆ ಹೊರಗಿವೆ. ಉಳಿದ ಮೂಲಭೂತ ಹಕ್ಕುಗಳಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತದಂತೆ ತಡೆಯುವ ಅಧಿಕಾರ ಅದರಲ್ಲಿ ಇವತ್ತಿಗೂ ಇದೆ.